ಅಂಗನವಾಡಿಯ ತಕ್ಕಡಿ, ದೆಹಲಿಯ ಡ್ಯಾಶ್‌ಬೋರ್ಡ್

2023ರ ಅಕ್ಟೋಬರಿನಲ್ಲಿ ಎರಡು ಅಂಕಿಗಳು ಜಗಳಕ್ಕೆ ಬಿದ್ದವು. ಆ ವರ್ಷದ ಜಾಗತಿಕ ಹಸಿವು ಸೂಚ್ಯಂಕದಲ್ಲಿ 125 ದೇಶಗಳ ಪೈಕಿ ಭಾರತಕ್ಕೆ ಸಿಕ್ಕಿದ್ದು 111ನೇ ಜಾಗ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 18.7 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಬಡಕಲಾಗಿದ್ದಾರೆ ಅಂತ ಅದರಲ್ಲಿ ಬರೆದಿತ್ತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇದನ್ನು ಒಪ್ಪಲಿಲ್ಲ. ನಮ್ಮ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಸೆಪ್ಟೆಂಬರ್ ಹೊತ್ತಿಗೆ 7.24 ಕೋಟಿ ಮಕ್ಕಳ ಅಳತೆ ದಾಖಲಾಗಿದೆ, ಬಡಕಲು ಮಕ್ಕಳ ಪ್ರಮಾಣ ಯಾವ ತಿಂಗಳಲ್ಲೂ ಶೇ 7.2 ದಾಟಿಲ್ಲ ಅಂತ ಸಚಿವಾಲಯ ಉತ್ತರ ಕೊಟ್ಟಿತು.

ದೇಶ ಒಂದೇ. ಮಕ್ಕಳೂ ಅವರೇ. ಒಂದು ಕಡೆ 18.7, ಇನ್ನೊಂದು ಕಡೆ 7.2. ಎರಡೂವರೆ ಪಟ್ಟು ವ್ಯತ್ಯಾಸ.

ಎರಡು ದಿನ ಇದು ರಾಜಕೀಯದ ಮಾತಾಯಿತು, ಆಮೇಲೆ ಎಲ್ಲರೂ ಮರೆತರು. ಆದರೆ ಈ ಜಗಳದೊಳಗೆ ಒಂದು ದೊಡ್ಡ ಪ್ರಶ್ನೆ ಕೂತಿದೆ. ಮಕ್ಕಳ ಬಗ್ಗೆ ಇಷ್ಟೊಂದು ಅಂಕಿಅಂಶ ಸೇರಿಸುತ್ತೇವಲ್ಲ, ಅದು ಯಾರ ಕೆಲಸಕ್ಕೆ ಬರುತ್ತಿದೆ? ನಿಮ್ಮೂರ ಅಂಗನವಾಡಿಯಲ್ಲಿ ತೂಕಕ್ಕೆ ಕೂತ ಆ ಮಗುವಿಗೆ ಅದರಿಂದ ಏನಾದರೂ ಸಿಗುತ್ತಿದೆಯಾ?

ಮೊದಲು ಎರಡು ಅಂಕಿಗಳೂ ಎಲ್ಲಿಂದ ಬರುತ್ತವೆ ಅಂತ ನೋಡೋಣ.

ಮೊದಲನೆಯದರ ಬೇರು ಇರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ಮನೆಮನೆ ಸಮೀಕ್ಷೆಯಲ್ಲಿ. ಐದನೇ ಸುತ್ತು 2019ರಿಂದ 2021ರವರೆಗೆ ನಡೆಯಿತು. ಕರ್ನಾಟಕದ ಸರದಿ ಬಂದದ್ದು 2019ರಲ್ಲಿ, ಕೋವಿಡ್‌ಗೆ ಮುಂಚೆ. ತರಬೇತಿ ಪಡೆದ ತಂಡಗಳು ರಾಜ್ಯದ 26 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಮಕ್ಕಳ ಎತ್ತರ, ತೂಕ ತೆಗೆದುಕೊಂಡವು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ (ಇದೇ ಕುಂಠಿತ ಬೆಳವಣಿಗೆ), ಶೇ 19.5 ಮಂದಿ ಬಡಕಲು, ಶೇ 32.9 ಮಂದಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ ಅಂತ ಗೊತ್ತಾಯಿತು. ಹಿಂದಿನ ಸುತ್ತಿನಲ್ಲಿ ಈ ಮೂರು ಅಂಕಿಗಳು 36.2, 26.1 ಮತ್ತು 35.2 ಇದ್ದವು. ಬಡಕಲುತನ ಚೆನ್ನಾಗಿ ಇಳಿದಿದೆ, ಕುಂಠಿತ ಬೆಳವಣಿಗೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಎರಡನೆಯದು ಅಂಗನವಾಡಿಯಿಂದ ಬರುತ್ತದೆ. ಅಂಗನವಾಡಿ ಅನ್ನುವ ವ್ಯವಸ್ಥೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ ಪ್ರಯೋಗವಾಗಿ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, ನೂರು ಕೇಂದ್ರಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಪ್ರತಿ ಕೇಂದ್ರದಲ್ಲೂ ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ತೆಗೆಯಬೇಕು. 2021ರ ಮಾರ್ಚ್ 1ರಿಂದ ಅದು ಪೋಷಣ್ ಟ್ರ್ಯಾಕರ್‌ಗೆ ಹೋಗುತ್ತದೆ. ಕಾರ್ಯಕರ್ತೆ ಮೊಬೈಲ್‌ನಲ್ಲಿ ಅಂಕಿ ಹಾಕಿದರೆ ಆಯಿತು, ದೆಹಲಿಯ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಅಂಕಿಗಳನ್ನೆಲ್ಲ ಒಟ್ಟಿಗೆ ತೋರಿಸುವ ಪರದೆಯಲ್ಲಿ, ಕಾಣುತ್ತದೆ.

ಸಮೀಕ್ಷೆ ಕೆಲವೇ ಮನೆ ನೋಡುತ್ತದೆ, ಆ್ಯಪ್ ಕೋಟಿಗಟ್ಟಲೆ ಮಕ್ಕಳನ್ನು ನೋಡುತ್ತದೆ. ಹಾಗಾದರೆ ಆ್ಯಪ್ ಲೆಕ್ಕವೇ ಸರಿ ಅಲ್ವಾ?

ಅಷ್ಟು ಸುಲಭವಿಲ್ಲ. ಹತ್ತು ಮನೆಯ ಪಾತ್ರೆಯಿಂದ ಒಂದೊಂದು ಅಗುಳು ಹಿಚುಕಿ ನೋಡಿದರೆ ಅನ್ನ ಬೆಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಂದೇ ಪಾತ್ರೆಯ ಮೇಲಿನ ಅನ್ನವನ್ನೆಲ್ಲ ಹಿಚುಕಿದರೂ ತಳದ್ದು ಗೊತ್ತಾಗುವುದಿಲ್ಲ. ಎಷ್ಟು ಮಕ್ಕಳನ್ನು ಅಳೆದರು ಅನ್ನುವುದಕ್ಕಿಂತ ಯಾವ ಮಕ್ಕಳು ತಪ್ಪಿಹೋದರು, ಹೇಗೆ ಅಳೆದರು ಅನ್ನುವುದೇ ಇಲ್ಲಿ ಮುಖ್ಯ.

ಒಂದು ಸೆಂಟಿಮೀಟರಿನ ಬೆಲೆ

ಮಗುವನ್ನು ಅಳೆಯುವುದು ಅಂದುಕೊಂಡಷ್ಟು ಸಲೀಸಾದ ಕೆಲಸ ಅಲ್ಲ. ಎರಡು ವರ್ಷದೊಳಗಿನ ಕೂಸನ್ನು ಹಲಗೆ ಮೇಲೆ ಮಲಗಿಸಿ ಉದ್ದ ತೆಗೆಯಬೇಕು. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದ ನೇರ ಮಾಡಬೇಕು. ಕೂಸು ಕಿರುಚುತ್ತಿರುತ್ತದೆ, ಒದೆಯುತ್ತಿರುತ್ತದೆ. ಎರಡು ವರ್ಷ ದಾಟಿದವರನ್ನು ನಿಲ್ಲಿಸಿ ಅಳೆಯಬೇಕು. ಒಂದೇ ಮಗುವನ್ನು ಮಲಗಿಸಿ ಅಳೆದಾಗ ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಜಾಸ್ತಿ ಬರುತ್ತದೆ. ಇನ್ನು ತೂಕಕ್ಕೆ ಬಂದರೆ ಬಟ್ಟೆ, ಉಡಿದಾರ, ಬೆಳ್ಳಿ ಕಾಲ್ಗಡಗ, ಚಳಿಗಾಲವಾದರೆ ಒಂದು ಸ್ವೆಟರ್. ಇವೆಲ್ಲವೂ ತಕ್ಕಡಿ ಹತ್ತುತ್ತವೆ.

ಇದು ಕೂದಲು ಸೀಳುವ ಲೆಕ್ಕ ಅನಿಸಬಹುದು. ಆದರೆ ಸುಮಾರು 80 ಸೆಂ.ಮೀ. ಉದ್ದದ ಮಗುವಿನಲ್ಲಿ ಒಂದು ಸೆಂಟಿಮೀಟರ್ ಆಚೀಚೆಯಾದರೆ, ಇರಬೇಕಾದ ಕನಿಷ್ಠ ತೂಕವೇ ಹೆಚ್ಚುಕಡಿಮೆ 200 ಗ್ರಾಂ ಬದಲಾಗುತ್ತದೆ. ಬಡಕಲು ಹೌದೋ ಅಲ್ಲವೋ ಅನ್ನುವ ಗೆರೆಯ ಆಸುಪಾಸಿನಲ್ಲಿರುವ ಮಕ್ಕಳು ಬಹಳ. 200 ಗ್ರಾಂ ಅವರನ್ನು ಗೆರೆಯ ಆ ಕಡೆಗೋ ಈ ಕಡೆಗೋ ತಳ್ಳುತ್ತದೆ.

ಪೋಷಣ್ ಟ್ರ್ಯಾಕರ್‌ನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ತಮಾಷೆಯಾಗಿ ಕಂಡದ್ದು ಇನ್ನೊಂದು. 2024ರ ಮಧ್ಯದ ಹೊತ್ತಿಗೆ ಅದರಲ್ಲಿ ಕುಂಠಿತ ಬೆಳವಣಿಗೆಯ ಮಕ್ಕಳು ಸುಮಾರು ಶೇ 36. ಸಮೀಕ್ಷೆಯ ದೇಶಮಟ್ಟದ ಅಂಕಿ 35.5. ಇದು ಹೊಂದುತ್ತದೆ. ಆದರೆ ಕಡಿಮೆ ತೂಕದವರು ಆ್ಯಪ್‌ನಲ್ಲಿ ಸುಮಾರು ಶೇ 17, ಸಮೀಕ್ಷೆಯಲ್ಲಿ 32.1. ಬಡಕಲಾದವರು ಆ್ಯಪ್‌ನಲ್ಲಿ ಸುಮಾರು ಶೇ 6, ಸಮೀಕ್ಷೆಯಲ್ಲಿ 19.3. ಎತ್ತರದಲ್ಲಿ ಮಕ್ಕಳು ಹಾಗೇ ಕುಳ್ಳಗಿದ್ದಾರೆ, ತೂಕದಲ್ಲಿ ಮಾತ್ರ ಮೂರ್ನಾಲ್ಕು ವರ್ಷದಲ್ಲಿ ಮೈತುಂಬಿಕೊಂಡಿದ್ದಾರೆ. ಮಧ್ಯೆ ಕೋವಿಡ್ ಬೇರೆ ಬಂದು ಹೋಗಿದೆ. ಅಷ್ಟು ದೊಡ್ಡ ಸುಧಾರಣೆ ಆಗಿದ್ದರೆ ಖುಷಿಯೇ. ಆದರೆ ಬೇರೆ ಕಾರಣಗಳೂ ಇರಬಹುದು.

ಒಂದು ಕಾರಣ ಹೀಗೆ ಊಹಿಸಿಕೊಳ್ಳಿ. ತೂಕ ತೆಗೆಯುವುದು ಸುಲಭ, ಎತ್ತರ ತೆಗೆಯುವುದು ತಾಪತ್ರಯ. ಕೆಲಸದ ಒತ್ತಡದಲ್ಲಿ ಹೋದ ತಿಂಗಳ ಎತ್ತರವನ್ನೇ ಈ ತಿಂಗಳೂ ಹಾಕಿಬಿಟ್ಟರೆ ಏನಾಗುತ್ತದೆ? ಕಾಗದದ ಮೇಲೆ ಮಗು ನಿಜಕ್ಕಿಂತ ಕುಳ್ಳಗಾಗುತ್ತದೆ. ಆ ಕುಳ್ಳ ಎತ್ತರಕ್ಕೆ ಈಗಿನ ತೂಕ ಹೋಲಿಸಿದರೆ ದಪ್ಪಗೇ ಕಾಣುತ್ತದೆ. ಅಂದರೆ ಒಂದೇ ತಪ್ಪಿನಿಂದ ಕುಂಠಿತ ಬೆಳವಣಿಗೆ ಮೇಲೇರುತ್ತದೆ, ಬಡಕಲುತನ ಕೆಳಗಿಳಿಯುತ್ತದೆ. ಇದರ ಜೊತೆಗೆ ತೂಕವನ್ನೂ ಅಷ್ಟಿಷ್ಟು ಮೇಲಕ್ಕೆ ತೆಗೆದುಕೊಂಡರೆ ಮೂರು ಅಂಕಿಗಳ ಈ ವಿಚಿತ್ರ ಹೊಂದಾಣಿಕೆಗೆ ಹತ್ತಿರ ಬರುತ್ತೇವೆ. ಎಲ್ಲ ಕಡೆ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾರಾದರೂ ಪರೀಕ್ಷೆ ಮಾಡಲೇಬೇಕಾದ ಅನುಮಾನ ಇದು. ಮಾಡುವುದು ಕಷ್ಟವೂ ಇಲ್ಲ. ಕೇಂದ್ರಕ್ಕೆ ಭೇಟಿ ಕೊಟ್ಟ ಮೇಲ್ವಿಚಾರಕಿ ಚೀಟಿ ಎತ್ತಿ ಐದು ಮಕ್ಕಳನ್ನು ತಾವೇ ಮತ್ತೊಮ್ಮೆ ಅಳೆದು ಆ್ಯಪ್‌ನ ಅಂಕಿಯ ಜೊತೆ ಹೋಲಿಸಿದರೆ ಸಾಕು. ತಪ್ಪು ಹುಡುಕಿ ನೋಟಿಸ್ ಕೊಡಲು ಅಲ್ಲ, ನಮ್ಮ ಅಂಕಿ ಎಷ್ಟು ನಂಬಿಕೆಗೆ ಅರ್ಹ ಅಂತ ನಮಗೇ ಗೊತ್ತಾಗಲು.

ಇದೇ ಥರದ ಇನ್ನೊಂದು ಗೊಂದಲ ರಕ್ತಹೀನತೆಯದು. ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ದೇಶದ ಶೇ 58.6 ಪುಟ್ಟ ಮಕ್ಕಳಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಸುಮಾರು ಶೇ 41. ವಯಸ್ಸಿನ ಗುಂಪು ಸ್ವಲ್ಪ ಬೇರೆ, ನಿಜ. ಆದರೆ ದೊಡ್ಡ ವ್ಯತ್ಯಾಸ ಇರುವುದು ರಕ್ತ ತೆಗೆದ ರೀತಿಯಲ್ಲಿ. ಮೊದಲನೆಯದರಲ್ಲಿ ಬೆರಳು ಚುಚ್ಚಿ ಹನಿ ರಕ್ತ, ಎರಡನೆಯದರಲ್ಲಿ ರಕ್ತನಾಳದಿಂದ ತೆಗೆದ ರಕ್ತ. ಕರ್ನಾಟಕದಲ್ಲಿ ಮಕ್ಕಳ ರಕ್ತಹೀನತೆ 60.9ರಿಂದ 65.5ಕ್ಕೆ ಏರಿತು ಅಂತ ಐದನೇ ಸುತ್ತು ಹೇಳಿದಾಗ ಗಾಬರಿಯಾಗುವುದು ಸಹಜ. ಹಾಗೇ, ಆ ಅಂಕಿ ಎಷ್ಟು ಗಟ್ಟಿ ಅಂತ ಕೇಳುವುದೂ ಸರಿಯೇ. ಮಕ್ಕಳಿಗೆ ಕಬ್ಬಿಣಾಂಶದ ಔಷಧಿ ಕೊಡುವುದನ್ನು ನಿಲ್ಲಿಸಿ ಅಂತ ಇದರ ಅರ್ಥ ಅಲ್ಲ, ಮತ್ತೆ.

ಗುಳೆ ಹೋದ ಮಕ್ಕಳು ಯಾವ ಪಟ್ಟಿಯಲ್ಲಿ?

ಯಾದಗಿರಿ, ರಾಯಚೂರು, ಕಲಬುರಗಿ ಕಡೆ ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಖಾಲಿಯಾಗುವ ಓಣಿಗಳಿವೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ ಮುಂಬೈಗೆ, ಕಬ್ಬು ಕಡಿಯಲು ಜನ ಗುಳೆ ಹೋಗುತ್ತಾರೆ. ದೊಡ್ಡ ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟರೂ ಬಿಟ್ಟಾರು, ಮೊಲೆ ಕುಡಿಯುವ ಕೂಸನ್ನು ಬಿಡಲಾಗುತ್ತದೆಯೇ? ಅದು ತಾಯಿಯ ಬೆನ್ನಿಗಂಟಿಕೊಂಡೇ ಹೋಗುತ್ತದೆ.

ಆ ಕೂಸಿನ ತೂಕ ಆ ತಿಂಗಳುಗಳಲ್ಲಿ ಯಾರು ತೆಗೆಯುತ್ತಾರೆ? ಹೋದ ಊರಿನ ಅಂಗನವಾಡಿಗೆ ಹೆಸರು ವರ್ಗಾಯಿಸುವ ಸೌಲಭ್ಯ ಆ್ಯಪ್‌ನಲ್ಲಿದೆ. ಆದರೆ ಕಟ್ಟಡದ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡವರಿಗೆ ಹತ್ತಿರದ ಅಂಗನವಾಡಿ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಊರಿನ ಪಟ್ಟಿಯಲ್ಲಿ ಮಗು ಆ ತಿಂಗಳು ಅಳತೆಗೆ ಸಿಗಲಿಲ್ಲ. ಅಳತೆಗೆ ಸಿಗದ ಮಗು ಶೇಕಡಾವಾರು ಲೆಕ್ಕದಲ್ಲೂ ಇಲ್ಲ. ಅಳೆದವರ ಸಂಖ್ಯೆಯಲ್ಲೂ ಇಲ್ಲ, ಸೊರಗಿದವರ ಸಂಖ್ಯೆಯಲ್ಲೂ ಇಲ್ಲ. ತೊಂದರೆ ಜಾಸ್ತಿ ಇರುವ ಮಕ್ಕಳೇ ಲೆಕ್ಕದಿಂದ ಜಾರಿದರೆ ಉಳಿದ ಊರು ಆರೋಗ್ಯವಾಗಿಯೇ ಕಾಣುತ್ತದೆ. ಡ್ಯಾಶ್‌ಬೋರ್ಡ್ ಹಸಿರಾಗುತ್ತದೆ.

ಐದನೇ ಸುತ್ತಿನ ಸಮೀಕ್ಷೆಯಲ್ಲಿ ಯಾದಗಿರಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ನಾಲ್ಕನೇ ಸುತ್ತಿನಲ್ಲೂ ಹಾಗೇ ಇತ್ತು. ಜಿಲ್ಲೆಗೆ ಯೋಜನೆಗಳು ಬರಲಿಲ್ಲ ಅಂತಲ್ಲ. ಮಾತೃಪೂರ್ಣ ಬಂತು, ಕ್ಷೀರಭಾಗ್ಯ ಬಂತು. ಆದರೆ ವರ್ಷದಲ್ಲಿ ಆರು ತಿಂಗಳು ಊರಲ್ಲೇ ಇರದ ತಾಯಿಗೆ, ಊರಿನ ಅಂಗನವಾಡಿಯಲ್ಲಿ ಕೂರಿಸಿ ಬಡಿಸುವ ಬಿಸಿಯೂಟದಿಂದ ಏನು ಪ್ರಯೋಜನ? ಇದನ್ನು ಕಂಡುಹಿಡಿಯಲು ದೊಡ್ಡ ಸಂಶೋಧನೆ ಬೇಕಿಲ್ಲ. ಇರುವ ಅಂಕಿಗಳಲ್ಲೇ, ಯಾವ ಮಗುವಿನ ಅಳತೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಖಾಲಿ ಇದೆ ಅಂತ ನೋಡಿದರೆ ಗುಳೆಯ ನಕ್ಷೆ ತಾನಾಗಿ ಮೂಡುತ್ತದೆ. ಪಟ್ಟಿಯ ಖಾಲಿ ಚೌಕಗಳನ್ನು ನಾವು ಅಂಕಿ ಅಂತ ಓದುವುದಿಲ್ಲ, ಅಷ್ಟೇ. ಶಿಸ್ತಿಲ್ಲದ ಕೆಲಸ ಅಂತ ಓದುತ್ತೇವೆ.

ನಗರದ ಕಥೆ ಇನ್ನೂ ಮಸುಕು. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಕಾರ್ಯಕರ್ತೆಗೆ ಬಾಯಿಪಾಠ ಇರುತ್ತದೆ. ಬೆಂಗಳೂರಿನ ವಾರ್ಡೊಂದರಲ್ಲಿ ಐದು ವರ್ಷದೊಳಗಿನ ಮಕ್ಕಳೆಷ್ಟು ಅಂತ ಯಾರನ್ನು ಕೇಳುತ್ತೀರಿ?

ಬರೆಯುವ ಕೈ, ಬಡಿಸುವ ಕೈ ಎರಡೂ ಒಂದೇ

ಈಗ ಅಂಕಿ ಹಾಕುವವರ ಕಡೆಗೆ ಬರೋಣ. ಅಂಗನವಾಡಿಯಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ ಪಾಠ ಮಾಡಿಸಬೇಕು. ಅಡುಗೆ, ಊಟ ನೋಡಿಕೊಳ್ಳಬೇಕು. ಗರ್ಭಿಣಿ, ಬಾಣಂತಿಯರ ಮನೆಗೆ ಹೋಗಬೇಕು. ಲಸಿಕೆ ದಿನ ಆಶಾ ಕಾರ್ಯಕರ್ತೆಯ ಜೊತೆ ಓಡಾಡಬೇಕು. ಚುನಾವಣೆ, ಗಣತಿ, ಇನ್ಯಾವುದೋ ಸಮೀಕ್ಷೆ ಬಂದರೆ ಮೊದಲು ನೆನಪಾಗುವುದೂ ಇವರೇ. ಹಿಂದೆ 11 ರಿಜಿಸ್ಟರ್ ಬರೆಯಬೇಕಿತ್ತು. ಆ್ಯಪ್ ಬಂದರೆ ಪುಸ್ತಕ ಹೋಗುತ್ತದೆ ಅಂದಿದ್ದರು. ಎಷ್ಟೋ ಕಡೆ ಈಗ ಪುಸ್ತಕವೂ ಇದೆ, ಆ್ಯಪೂ ಇದೆ.

2025ರ ಜುಲೈ 1ರಿಂದ ಮನೆಗೆ ಕೊಡುವ ಪಡಿತರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ತಾಯಿಯ ಫೋಟೊ ತೆಗೆಯಬೇಕು, ಆಧಾರ್ ಜೊತೆ ಹೊಂದಬೇಕು, ಮೊಬೈಲ್‌ಗೆ ಬಂದ ಒಟಿಪಿ ಹೇಳಬೇಕು. ಆ ಮೊಬೈಲ್ ಗಂಡನ ಹತ್ತಿರ ಇರುತ್ತದೆ, ಗಂಡ ಹೊಲದಲ್ಲಿರುತ್ತಾನೆ. ನೆಟ್‌ವರ್ಕ್ ಇರುವುದು ದೊಡ್ಡ ಆಲದಮರದ ಬುಡದಲ್ಲಿ ಮಾತ್ರ. ರಾಜ್ಯದ ಹಲವು ಕಡೆ ಕಾರ್ಯಕರ್ತೆಯರು ಇದನ್ನು ವಿರೋಧಿಸಿ ಪ್ರತಿಭಟಿಸಿದರು. ಪಡಿತರ ಸೋರದಂತೆ ನೋಡಿಕೊಳ್ಳಬೇಕು ಅನ್ನುವುದನ್ನು ಯಾರೂ ಬೇಡ ಅನ್ನುವುದಿಲ್ಲ. ಆದರೆ ಈ ಕ್ಯಾಮೆರಾ ನೋಡುವುದು ತಾಯಿಯ ಮುಖವನ್ನು. ಮಗುವಿನ ತಟ್ಟೆಗೆ ಏನು ಬಿತ್ತು ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಇಲ್ಲಿ ಪಕ್ಕದ ತಮಿಳುನಾಡಿನ ಒಂದು ಅಧ್ಯಯನ ನೆನಪಿಸಿಕೊಳ್ಳಬೇಕು. ಅರ್ಥಶಾಸ್ತ್ರಜ್ಞರಾದ ಅಲೆಹಾಂದ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ 640 ಅಂಗನವಾಡಿಗಳನ್ನು ಆರಿಸಿಕೊಂಡರು. ಲಾಟರಿ ಎತ್ತಿದ ಹಾಗೆ ಅರ್ಧದಷ್ಟು ಕೇಂದ್ರಗಳಿಗೆ, ಪಾಠ ಹೇಳಿಕೊಡಲೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚುವರಿಯಾಗಿ ಕೊಡಲಾಯಿತು. ಉಳಿದ ಅರ್ಧ ಹಾಗೇ ಇದ್ದವು. ಹೊಸ ಆ್ಯಪ್ ಇಲ್ಲ, ಹೊಸ ಕಟ್ಟಡ ಇಲ್ಲ. ಒಬ್ಬರು ಜಾಸ್ತಿ, ಅಷ್ಟೇ.

ಮಕ್ಕಳಿಗೆ ಪಾಠ ಸಿಗುವ ಸಮಯ ದುಪ್ಪಟ್ಟಾಯಿತು. ಒಂದೂವರೆ ವರ್ಷದ ನಂತರ ನೋಡಿದರೆ ಗಣಿತ, ಭಾಷೆ ಎರಡರಲ್ಲೂ ಆ ಮಕ್ಕಳು ಮುಂದಿದ್ದರು. ಅದು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಏನೆಂದರೆ, ಆ ಕೇಂದ್ರಗಳಲ್ಲಿ ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿದ್ದವು. ಪಾಠದ ಹೊರೆ ಇಳಿದದ್ದರಿಂದ ಹಳೆಯ ಕಾರ್ಯಕರ್ತೆಗೆ ಪೌಷ್ಟಿಕಾಂಶದ ಕೆಲಸಕ್ಕೆ ಸಮಯ ಸಿಕ್ಕಿತ್ತು. ಖರ್ಚಿನ 13ರಿಂದ 21 ಪಟ್ಟು ಲಾಭ ಇದರಿಂದ ಸಿಗಬಹುದು ಅಂತ ಅವರು ಅಂದಾಜು ಮಾಡಿದ್ದಾರೆ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಇನ್ನೊಂದಿಲ್ಲ. ಸಮಸ್ಯೆ ಮಾಹಿತಿಯ ಕೊರತೆಯದ್ದೋ ಕೈಗಳ ಕೊರತೆಯದ್ದೋ ಅಂತ ಅದು ಕೇಳಿತು. ಕೈಗಳದ್ದು ಅಂತ ಉತ್ತರ ಬಂತು. ನಾವು ಮಾತ್ರ ಇರುವ ಎರಡು ಕೈಗೇ ಇನ್ನಷ್ಟು ಮಾಹಿತಿಯ ಕೆಲಸ ಹಚ್ಚುತ್ತಾ ಹೋಗುತ್ತಿದ್ದೇವೆ.

ಇನ್ನೊಂದು ಸೂಕ್ಷ್ಮ ಇದೆ. ಮಗುವನ್ನು 'ಸ್ಯಾಮ್' ಅಂತ, ಅಂದರೆ ತೀವ್ರ ಅಪೌಷ್ಟಿಕ ಅಂತ ದಾಖಲಿಸಿದ ಕೂಡಲೇ ಕಾರ್ಯಕರ್ತೆಗೆ ಕೆಲಸ ಹೆಚ್ಚುತ್ತದೆ. ಆಸ್ಪತ್ರೆಗೆ ತೋರಿಸಬೇಕು, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ತಾಯಿ ಮಗು ಸುಮಾರು 14 ದಿನ ಇರಬೇಕು. ತಾಯಿಗೆ ಕೂಲಿ ನಷ್ಟದ ಹಣ ಕೊಡುತ್ತಾರೆ, ಆದರೆ ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಎರಡು ಎಮ್ಮೆ, ಅತ್ತೆ ಮಾವ. 'ಅಷ್ಟು ದಿನ ಹೆಂಗ್ ಇರೂದ್ರೀ ಟೀಚರ್, ಮನಿ ಯಾರು ನೋಡ್ತಾರ' ಅಂತ ತಾಯಿ ಕೇಳಿದರೆ ಉತ್ತರ ಏನು? ಆಕೆ ಹೋಗದಿದ್ದರೆ ಸಭೆಯಲ್ಲಿ ಪ್ರಶ್ನೆ ಬರುವುದು ಕಾರ್ಯಕರ್ತೆಗೆ. ಸುಳ್ಳು ಬರೆಯಿರಿ ಅಂತ ಯಾರೂ ಹೇಳಬೇಕಾಗಿಯೇ ಇಲ್ಲ. ನಿಜ ಬರೆದವರಿಗೆ ತೊಂದರೆ, ಚೆನ್ನಾಗಿದೆ ಅಂತ ಬರೆದವರಿಗೆ ನೆಮ್ಮದಿ ಅನ್ನುವ ಹಾಗಿದ್ದರೆ ತಕ್ಕಡಿ ತಾನೇ ಒಂದು ಕಡೆಗೆ ವಾಲುತ್ತದೆ.

ಮೊಟ್ಟೆ ಗೆದ್ದ ಕಥೆ

ಅಂಕಿಅಂಶ ಯಾವತ್ತೂ ಕೆಲಸಕ್ಕೆ ಬಂದಿಲ್ಲ ಅಂದರೆ ಅನ್ಯಾಯವಾದೀತು. ನಮ್ಮಲ್ಲೇ ಒಂದು ಒಳ್ಳೆ ಉದಾಹರಣೆ ಇದೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರು ಮಾಡಿತು. ತಿನ್ನದವರಿಗೆ ಬಾಳೆಹಣ್ಣು. ಗಲಾಟೆ ನಿಮಗೂ ನೆನಪಿರಬಹುದು. ಕೆಲವು ಮಠಾಧೀಶರು ವಿರೋಧಿಸಿದರು, ನಮಗೆ ಮೊಟ್ಟೆ ಬೇಕೇ ಬೇಕು ಅಂತ ಮಕ್ಕಳು ಮಾತಾಡಿದ ವಿಡಿಯೊಗಳು ಓಡಾಡಿದವು. ನಂಬಿಕೆಗೂ ಹಸಿವಿಗೂ ನಡೆದ ಆ ವಾದ ಹಾಗೇ ಎಷ್ಟು ವರ್ಷ ಬೇಕಾದರೂ ನಡೆಯಬಹುದಿತ್ತು.

ಆ ಹೊತ್ತಿಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಸರಳ ಕೆಲಸ ಮಾಡಿತು. ಮೊಟ್ಟೆ ಕೊಡುತ್ತಿದ್ದ ಯಾದಗಿರಿಯ ಶಾಲೆಗಳ ಮಕ್ಕಳನ್ನೂ, ಮೊಟ್ಟೆ ಇಲ್ಲದ ಗದಗ ಜಿಲ್ಲೆಯ ಮಕ್ಕಳನ್ನೂ ಅಳೆದು ಹೋಲಿಸಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಂಟನೇ ತರಗತಿಯ ಹೆಣ್ಣುಮಕ್ಕಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಅಧ್ಯಯನಕ್ಕೆ ಮಿತಿಗಳಿದ್ದವು. ಯಾದಗಿರಿ ಮತ್ತು ಗದಗ ಒಂದೇ ಥರದ ಜಿಲ್ಲೆಗಳಲ್ಲ. ತುಂಬ ಸೊರಗಿದ ಮಕ್ಕಳಿಗೆ ಒಂಚೂರು ಹೆಚ್ಚು ಆಹಾರ ಸಿಕ್ಕರೂ ತೂಕ ಬೇಗ ಏರುತ್ತದೆ. ತಮಿಳುನಾಡಿನ ಪ್ರಯೋಗದ ಹಾಗೆ ಲಾಟರಿ ಎತ್ತಿ ಶಾಲೆಗಳನ್ನು ಆರಿಸಿರಲಿಲ್ಲ. ಆದರೂ ಅದರ ಬೆಲೆ ದೊಡ್ಡದು. ಯಾಕೆಂದರೆ ಪ್ರಶ್ನೆ ಸ್ಥಳೀಯವಾಗಿತ್ತು, ಉತ್ತರ ಹುಡುಕಿದವರು ಇಲ್ಲಿಯವರೇ, ತೀರ್ಮಾನ ಮಾಡಬೇಕಾದ ಹೊತ್ತಿಗೆ ವರದಿ ಕೈಯಲ್ಲಿತ್ತು. ಮುಂದೆ ಮೊಟ್ಟೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಬಂತು. 2023ರಲ್ಲಿ ಒಂಬತ್ತು, ಹತ್ತನೇ ತರಗತಿಗೂ ವಿಸ್ತರಿಸಿ, ವಾರಕ್ಕೆ ಎರಡು ಮಾಡಿದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದವಾಗಿ ವಾರಕ್ಕೆ ಆರಾಯಿತು. ಸುಮಾರು 55 ಲಕ್ಷ ಮಕ್ಕಳ ಮಾತು ಇದು. ಬರೀ ಆ ವರದಿಯಿಂದಲೇ ಇಷ್ಟೆಲ್ಲ ಆಯಿತು ಅಂತಲ್ಲ. ಆದರೆ ವಾದದ ಜಾಗದಲ್ಲಿ ಒಂದು ಅಳತೆ ಬಂದು ಕೂತಿತು. ವಿರೋಧಿಸುವವರೂ ಅದಕ್ಕೆ ಉತ್ತರ ಕೊಡಬೇಕಾಯಿತು.

ವಾಪಸ್ ಬರುವ ದಾರಿ

ಮೊಟ್ಟೆಯದು ರಾಜ್ಯಮಟ್ಟದ ತೀರ್ಮಾನ. ಊರ ಮಟ್ಟದಲ್ಲಿ ಏನಾಗಬಹುದು?

ಇಲ್ಲಿ ಸಮೀಕ್ಷೆ ಕೈಕೊಡುತ್ತದೆ. ರಾಜ್ಯದ 26 ಸಾವಿರ ಮನೆಗಳನ್ನು ಆಗಿನ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಒಂಬೈನೂರು ಮನೆಯೂ ಬರುವುದಿಲ್ಲ. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು ಇನ್ನೂ ಕಡಿಮೆ. ಹಾಗಾಗಿ ಜಿಲ್ಲೆಯ ಅಂಕಿಯೇ ನಾಲ್ಕೈದು ಅಂಶ ಆಚೀಚೆ ಅಲ್ಲಾಡುತ್ತದೆ. ತಾಲ್ಲೂಕು, ಪಂಚಾಯಿತಿ ಬಗ್ಗೆ ಅದು ಏನನ್ನೂ ಹೇಳಲಾರದು. ಆ್ಯಪ್ ಆದರೆ ಒಂದೊಂದು ಮಗುವನ್ನೂ ಬಲ್ಲದು, ಆದರೆ ಒಟ್ಟು ಲೆಕ್ಕಕ್ಕೆ ನಂಬಲಾಗದು. ಆದ್ದರಿಂದ 18.7 ಸರಿಯೋ 7.2 ಸರಿಯೋ ಅನ್ನುವ ಜಗಳವೇ ದಾರಿ ತಪ್ಪಿದ್ದು. ರಾಜ್ಯ ಎಲ್ಲಿದೆ ಅಂತ ತಿಳಿಯಲು ಸಮೀಕ್ಷೆ ಬೇಕು. ಗೊತ್ತಿರುವ ಒಂದು ಕೂಸು ಎರಡು ತಿಂಗಳಿಂದ ಯಾಕೆ ತೂಕ ಏರಿಲ್ಲ ಅಂತ ಕೇಳಲು ಅಂಗನವಾಡಿಯ ಅಂಕಿ ಬೇಕು. ಎರಡನೆಯದನ್ನು ಅದು ಮಾಡಬೇಕಾದ ಕೆಲಸಕ್ಕೆ ಬಳಸುವ ಬದಲು ಮೊದಲನೆಯದರ ಜೊತೆ ಕುಸ್ತಿಗೆ ನಿಲ್ಲಿಸಿದ್ದೇವೆ.

ಎರಡು ತಿಂಗಳು ತೂಕ ಏರದ ಮಗು. ಇದು ದೆಹಲಿಗೆ ಏನೂ ಹೇಳುವುದಿಲ್ಲ, ಊರಿಗೆ ಎಲ್ಲವನ್ನೂ ಹೇಳುತ್ತದೆ. ಆ ಮಗುವಿಗೆ ಭೇದಿ ಇದ್ದಿರಬಹುದು. ತಾಯಿ ಮತ್ತೆ ಬಸುರಿ ಇರಬಹುದು. ಓಣಿಯ ನಲ್ಲಿ ಒಡೆದು ಚರಂಡಿ ನೀರು ಸೇರುತ್ತಿರಬಹುದು. ಮೊದಲನೆಯದಕ್ಕೆ ಆಶಾ ಕಾರ್ಯಕರ್ತೆ ಬೇಕು, ಎರಡನೆಯದಕ್ಕೆ ನರ್ಸಮ್ಮ ಬೇಕು, ಮೂರನೆಯದಕ್ಕೆ ಪಂಚಾಯಿತಿ ಬೇಕು. ಈ ಮೂವರಿಗೂ ಆ ಅಂಕಿ ತಾನಾಗಿ ತಲುಪುವುದಿಲ್ಲ. ಅದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ, ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ಮೇಲಿಂದ ಕೆಳಗೆ ಬರುವುದು ಶೇಕಡಾವಾರು ಗುರಿ.

ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. 'ನಮ್ಮ ಗ್ರಾಮ ನಮ್ಮ ಯೋಜನೆ' ಅಂತ ವರ್ಷದ ಯೋಜನೆ ಮಾಡುವ ಪದ್ಧತಿ ಇದೆ. ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ. ಮಕ್ಕಳ ಗ್ರಾಮ ಸಭೆ ಇದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಕಡೆ ಮಕ್ಕಳ ಪಂಚಾಯಿತಿ ಕಟ್ಟಿಕೊಂಡ ಮಕ್ಕಳು ತಮ್ಮ ಊರಿನ ಕೊರತೆಗಳನ್ನು ತಾವೇ ಎಣಿಸಿ, ಬರೆದುಕೊಂಡು, ಹಿರಿಯರ ಮುಂದೆ ಇಟ್ಟದ್ದುಂಟು. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ (ಕಿರುಸೇತುವೆ) ಬೇಕು ಅನ್ನುವುದು ಕರಾವಳಿ ಮಲೆನಾಡಿನ ಇಂಥ ಸಭೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಅದೂ ಅಂಕಿಅಂಶವೇ. ಎಷ್ಟು ಮಕ್ಕಳು, ಯಾವ ಹಳ್ಳ, ಎಷ್ಟು ದಿನ ಶಾಲೆ ತಪ್ಪಿತು.

ಕಲಿಕೆಯಲ್ಲಿ ಈ ದಾರಿ ಒಬ್ಬರು ತೋರಿಸಿದ್ದಾರೆ. ಅಕ್ಷರ ಫೌಂಡೇಶನ್ ಅನ್ನುವ ಸ್ವಯಂಸೇವಾ ಸಂಸ್ಥೆ ಊರವರ ಜೊತೆ ಸೇರಿ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳನ್ನು ನಡೆಸುತ್ತಾ ಬಂದಿದೆ. ನಾಲ್ಕರಿಂದ ಆರನೇ ತರಗತಿಯ ಮಕ್ಕಳು ಕೂತು ಲೆಕ್ಕ ಮಾಡುತ್ತಾರೆ, ಉತ್ತರ ಪತ್ರಿಕೆಯ ಫಲಿತಾಂಶ ಅದೇ ಪಂಚಾಯಿತಿಗೆ ಸಿಗುತ್ತದೆ. ರಾಜ್ಯದ ಸರಾಸರಿ ಕೇಳಿದರೆ ಪಂಚಾಯಿತಿ ಸದಸ್ಯರು ಆಕಳಿಸುತ್ತಾರೆ. ತಮ್ಮೂರ ಶಾಲೆಯ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಭಾಗಾಕಾರ ಬರುವುದಿಲ್ಲ ಅಂತ ಕೇಳಿದರೆ ಸುಮ್ನೆ ಕೂರುವುದು ಕಷ್ಟ. ಹೆಸರು ಗೊತ್ತಿರುವ ಮಕ್ಕಳಲ್ಲವೇ?

ಒಂದು ಎಚ್ಚರಿಕೆ ಬೇಕು. ನಲವತ್ತು ಮಕ್ಕಳ ಅಂಗನವಾಡಿಯಲ್ಲಿ ಎರಡು ಸ್ಯಾಮ್ ಮಕ್ಕಳು ನಾಲ್ಕಾದರೆ ಅದು 'ಶೇ 100 ಏರಿಕೆ'. ಅದನ್ನು ಹಿಡಿದು ಯಾರನ್ನೋ ಬೈಯುವುದು ಮೂರ್ಖತನ. ಊರಿನ ಮಟ್ಟದಲ್ಲಿ ಶೇಕಡಾ ಮರೆತು ಹೆಸರು ನೋಡಬೇಕು. ಹೆಸರು ಅಂದ ಮೇಲೆ ಮಾನದ ಪ್ರಶ್ನೆಯೂ ಬರುತ್ತದೆ. ಯಾವ ಮನೆಯ ಮಗು ಸೊರಗಿದೆ ಅಂತ ಸಭೆಯಲ್ಲಿ ಓದಿ ಹೇಳುವ ಮಾತಲ್ಲ ಅದು. ಅದರಲ್ಲೂ ಜಾತಿ, ಓಣಿ ಅಂತ ಊರು ಹಂಚಿಹೋಗಿರುವ ಕಡೆ. ಸಭೆಗೆ ಸಂಖ್ಯೆ ಸಾಕು, ಹೆಸರು ಕಾರ್ಯಕರ್ತೆ ಮತ್ತು ನರ್ಸಮ್ಮನ ಹತ್ತಿರ ಇರಲಿ.

ಅಂಗನವಾಡಿಯ ಗೋಡೆ ಮೇಲೆ ವಾರದ ಊಟದ ಪಟ್ಟಿ ಬರೆದಿರುತ್ತದೆ. ಸೋಮವಾರ ಏನು, ಮಂಗಳವಾರ ಏನು ಅಂತ. ಅದನ್ನು ಓದಿ, 'ಇವತ್ತು ಮೊಟ್ಟೆ ಕೊಡಬೇಕಿತ್ತಲ್ಲ ಟೀಚರ್' ಅಂತ ಕೇಳುವ ತಾಯಂದಿರಿದ್ದಾರೆ. ಅದರ ಪಕ್ಕ ನಾಲ್ಕು ಸಾಲಿಗೆ ಜಾಗ ಇರುತ್ತದೆ. ಈ ತಿಂಗಳು ಊರಲ್ಲಿರುವ ಮಕ್ಕಳೆಷ್ಟು, ಅಳೆದದ್ದು ಎಷ್ಟು, ತೂಕ ಏರದವರೆಷ್ಟು, ಗುಳೆ ಹೋದವರೆಷ್ಟು. ಇದಕ್ಕೆ ನೆಟ್‌ವರ್ಕ್ ಬೇಡ, ಒಟಿಪಿ ಬೇಡ, ಒಂದು ತುಂಡು ಸೀಮೆಸುಣ್ಣ ಸಾಕು. ಬರೆಯಲು ಬೇಕಾದ ಐದು ನಿಮಿಷ ಕಾರ್ಯಕರ್ತೆಗೆ ಸಿಗಬೇಕಾದರೆ ಆಕೆಯ ಮೊಬೈಲ್‌ನಿಂದ ಮೊದಲು ಯಾವ ಕೆಲಸ ತೆಗೆಯುತ್ತೀರಿ ಅಂತ ಇಲಾಖೆಯನ್ನು ಕೇಳಬೇಕು.